ಎಲ್ಸಾಗೆ ಬಾಯಾರಿಕೆಯಾಗಿತ್ತು

"ಅಮ್ಮಾ, ಎಲ್ಸಾ ರಾಮನಗರಕ್ಕೆ ಬರ್ತಾಳಂತೆ!"

ಏಪ್ರಿಲ್‌ನ ಒಂದು ಸಂಜೆ. ಬೆಂಗಳೂರಿನಿಂದ ಬಂದ ರೈಲಿಳಿದು ಚನ್ನಪಟ್ಟಣದ ಮನೆ ಸೇರಿದ್ದೆ ಅಷ್ಟೇ, ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಆರು ವರ್ಷದ ಮಗಳು ತಾತನ ಫೋನ್ ಹಿಡ್ಕೊಂಡು ಓಡಿ ಬಂದಳು. ವಾಟ್ಸ್ಯಾಪ್‌ನಲ್ಲಿ ಯಾರೋ ಕಳಿಸಿದ ಪೋಸ್ಟರ್. ನೀಲಿ ಹಿಮದ ಅರಮನೆ, ಸ್ಕೇಟ್ಸ್ ಹಾಕಿಕೊಂಡು ಒಂಟಿ ಕಾಲಲ್ಲಿ ನಿಂತ ರಾಜಕುಮಾರಿ, ಪಕ್ಕದಲ್ಲಿ ಕೈ ಬೀಸುತ್ತಿರುವ ಮಿಕ್ಕಿ ಮೌಸ್. ಮೇಲೆ ದಪ್ಪ ಅಕ್ಷರದಲ್ಲಿ, 'ಮೊದಲ ಬಾರಿಗೆ ನಿಮ್ಮೂರಿನಲ್ಲಿ ಐಸ್ ಶೋ!'

ಇದರ ಹಿಂದೆ ಒಂದು ಕಥೆ ಇದೆ. ನನ್ನ ತಮ್ಮ ಅಬುಧಾಬಿಯಲ್ಲಿ ಕೆಲಸ ಮಾಡ್ತಾನೆ. ಅವನು ತನ್ನ ಮಕ್ಕಳನ್ನು ಅಲ್ಲಿನ ಯಾಸ್ ದ್ವೀಪದಲ್ಲಿರುವ ಎತಿಹಾದ್ ಅರೇನಾಗೆ 'ಡಿಸ್ನಿ ಆನ್ ಐಸ್' ನೋಡೋಕೆ ಕರ್ಕೊಂಡು ಹೋಗಿದ್ದ. ಅಲ್ಲಿಂದ ಎರಡು ನಿಮಿಷದ ವಿಡಿಯೊ ಕಳಿಸಿದ್ದ. ಕಾರ್ಟೂನಿನಲ್ಲಿ ನೋಡಿದ ಎಲ್ಸಾ ನಿಜವಾಗಿಯೂ ಐಸ್ ಮೇಲೆ ಜಾರುತ್ತಾ, ಗಿರಗಿರ ತಿರುಗುತ್ತಾ ಇರೋ ವಿಡಿಯೊ. ಅವತ್ತಿಂದ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ. "ನಮ್ಮೂರಿಗೆ ಯಾವಾಗ ಬರತ್ತೆ?"

ನಿಜ ಹೇಳ್ತೀನಿ, ಆ ಪೋಸ್ಟರ್ ನೋಡಿದ ತಕ್ಷಣ ನನಗೆ ಅನುಮಾನ ಬಂತು. ನನ್ನ ಕೆಲಸವೇ ಅದು. ದೊಡ್ಡ ಕಟ್ಟಡಗಳಿಗೆ ಏಸಿ ವ್ಯವಸ್ಥೆ ವಿನ್ಯಾಸ ಮಾಡೋ ಕಂಪನಿಯಲ್ಲಿ ನಾನು ಎಂಜಿನಿಯರ್. ಏಪ್ರಿಲ್ ತಿಂಗಳು, ಹೊರಗೆ 35 ಡಿಗ್ರಿ ಬಿಸಿಲು, ಊರಾಚೆ ಬಯಲು, ಶಾಮಿಯಾನ. ಅಲ್ಲಿ ಐಸ್ ಹಾಸೋದು ಅಂದ್ರೆ ಮಾತಲ್ಲ.

ಆದರೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಏಳರ ಒಳಗೆ ಮನೆ ಬಿಟ್ಟರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ. ವಾರದಲ್ಲಿ ಐದು ದಿನ ಅವಳು ನನ್ನನ್ನು ನಿದ್ದೆಗಣ್ಣಲ್ಲೇ ನೋಡೋದು. ಅಂಥಾ ಅಮ್ಮ ಬೇಡ ಅನ್ನೋಕೆ ಆಗತ್ತಾ? "ಭಾನುವಾರ ಹೋಗೋಣ ಪುಟ್ಟಾ" ಅಂದೆ.

ಥರ್ಮಾಕೋಲ್ ಅರಮನೆ

ನಾನು, ಗಂಡ, ಮಗಳು, ಅಪ್ಪ. ಒಬ್ಬರಿಗೆ 250 ರೂಪಾಯಿಯಂತೆ ಸಾವಿರ ರೂಪಾಯಿ ಕೊಟ್ಟು ಒಳಗೆ ಹೋದೆವು. ಮಗಳು ಅಬುಧಾಬಿ ಮಾವ ಕಳಿಸಿದ ಸ್ವೆಟರ್ ಹಾಕ್ಕೊಂಡಿದ್ದಳು. "ಐಸ್ ಇರತ್ತಲ್ಲ, ಚಳಿ ಆಗತ್ತೆ" ಅಂತ ಅವಳ ವಾದ. ಆ ಸೆಕೆಯಲ್ಲಿ ಸ್ವೆಟರ್ ಹಾಕ್ಕೊಂಡಿದ್ದ ಒಂದೇ ಜೀವ ಅದು.

ಒಳಗೆ ಥರ್ಮಾಕೋಲ್ ಅರಮನೆ. ನೆಲಕ್ಕೆ ಬಿಳಿ ಪ್ಲಾಸ್ಟಿಕ್ ಶೀಟ್. ಮೂಲೆಯಲ್ಲಿ ಒಂದು ಯಂತ್ರ ಸೋಪಿನ ನೊರೆ ಉಗುಳುತ್ತಿತ್ತು, ಅದೇ ಹಿಮ. ಎರಡು ಕೂಲರ್‌ಗಳು ಬಿಸಿಗಾಳಿಯನ್ನೇ ಅಲ್ಲಿಂದ ಇಲ್ಲಿಗೆ ಸಾಗಿಸುತ್ತಿದ್ದವು. ಹಾಡು ಶುರುವಾಯ್ತು. ಮೊದಲು ಮಿಕ್ಕಿ ಬಂದ, ಆಮೇಲೆ ಡೋರೆಮಾನ್, ಕೊನೆಗೆ ಎಲ್ಸಾ. ಮೂವರಿಗೂ ದೊಡ್ಡ ಸ್ಪಂಜಿನ ತಲೆ. ಎಲ್ಸಾಳ ಹಳದಿ ಜಡೆ ಒಂದು ಕಡೆ ಬಿಚ್ಚಿಹೋಗಿತ್ತು. ಕಾಲಿಗೆ ಐಸ್ ಸ್ಕೇಟ್ಸ್ ಅಲ್ಲ, ನಾಲ್ಕು ಗಾಲಿಯ ಸಾದಾ ರೋಲರ್ ಸ್ಕೇಟ್ಸ್. ಎರಡು ಸುತ್ತು ಹೊಡೆಯುವಷ್ಟರಲ್ಲಿ ಒಂದು ಸಲ ಬಿದ್ದಳು. ಮಕ್ಕಳೆಲ್ಲ ಹೋ ಅಂತ ನಕ್ಕವು.

ಹನ್ನೆರಡು ನಿಮಿಷಕ್ಕೆ ಶೋ ಮುಗೀತು. ನಾನು ಸೀದಾ ಕೌಂಟರಿಗೆ ಹೋದೆ. "ಐಸ್ ಎಲ್ಲಿದೆ?" ಅಂದೆ. ಕೂತಿದ್ದವನು ಹಿಂದಿನ ಬೋರ್ಡ್ ತೋರಿಸಿದ. ಟಿಕೆಟ್ ಹಣ ವಾಪಸ್ ಇಲ್ಲ ಅಂತ ಬರೆದಿತ್ತು. "ಥೀಮ್ ಮೇಡಂ, ಐಸ್ ಥೀಮ್" ಅಂದ. ನನ್ನ ಸಿಟ್ಟು ನೆತ್ತಿಗೇರಿತು. ಜಗಳ ತೆಗೆಯೋಕೆ ಬಾಯಿ ತೆರೆದೆ. ನೋಡಿದರೆ ಮಗಳು ಪಕ್ಕದಲ್ಲಿ ಇಲ್ಲ.

"ಅಣ್ಣಾ, ನೀರು ಬೇಕಾ?"

ಸ್ಟೇಜಿನ ಹಿಂದೆ, ಜನರೇಟರ್ ಪಕ್ಕದಲ್ಲಿ ಸಿಕ್ಕಳು. ಎಲ್ಸಾ ಅಲ್ಲೊಂದು ಪ್ಲಾಸ್ಟಿಕ್ ಡ್ರಮ್ ಮೇಲೆ ಕೂತಿದ್ದಳು. ತಲೆ ಪಕ್ಕಕ್ಕೆ ಬಿಚ್ಚಿಟ್ಟಿತ್ತು. ನೀಲಿ ಗೌನಿನೊಳಗೆ ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗ. ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿತ್ತು, ಮುಖ ಕೆಂಪಗಾಗಿತ್ತು, ಏದುಸಿರು ಬಿಡ್ತಿದ್ದ. ನನ್ನ ಮಗಳು ತನ್ನ ನೀರಿನ ಬಾಟಲಿ ಅವನ ಕಡೆ ಚಾಚಿ ನಿಂತಿದ್ದಳು. ಅವನು ಗಟಗಟ ಕುಡೀತಿದ್ದ.

ನನ್ನನ್ನು ನೋಡಿ ಗಾಬರಿಯಿಂದ ತಲೆ ಎತ್ತಿಕೊಂಡ. "ಅಕ್ಕಾ, ತಲೆ ಬಿಚ್ಚಿದ್ದೆ ಅಂತ ಯಾರ್ಗೂ ಹೇಳ್ಬೇಡಿ. ಮಕ್ಕಳ ಮುಂದೆ ಬಿಚ್ಚಂಗಿಲ್ಲ ಅಂತ ರೂಲ್ಸು" ಅಂದ.

ಮಾತಾಡಿಸಿದೆ. ಕನಕಪುರದ ಕಡೆಯವನು. ಡಿಗ್ರಿ ಓದ್ತಾ ಇದಾನೆ. ರಜೆಯಲ್ಲಿ ಖರ್ಚಿಗಾಗತ್ತೆ ಅಂತ ಬಂದಿದಾನೆ. ದಿನಕ್ಕೆ ಆರುನೂರು ರೂಪಾಯಿ, ಎಂಟು ಶೋ. "ಸ್ಕೇಟಿಂಗ್ ಎಲ್ಲಿ ಕಲ್ತೆ?" ಅಂದೆ. "ಮೊನ್ನೆ ಅಕ್ಕಾ, ಇಲ್ಲೇ" ಅಂದ. ಮಂಡಿ ತೋರಿಸಿದ, ತರಚಿಹೋಗಿತ್ತು.

ನನ್ನ ಸಿಟ್ಟು ಎಲ್ಲಿ ಹೋಯ್ತೋ ಗೊತ್ತಿಲ್ಲ. ಅಥವಾ ಯಾರ ಮೇಲೆ ಸಿಟ್ಟು ಮಾಡ್ಕೋಬೇಕೋ ಅಲ್ಲಿಗೆ ಹೋಯ್ತು ಅನ್ನಿ. ನನಗಿದ್ದ ಇನ್ನೊಂದು ಭಯ ಮಗಳದ್ದು. ಎಲ್ಸಾ ಸುಳ್ಳು ಅಂತ ಗೊತ್ತಾಗಿ ಅಳ್ತಾಳೇನೋ ಅಂದುಕೊಂಡೆ. ಅವಳು ಅಳಲಿಲ್ಲ. ಖಾಲಿ ಬಾಟಲಿ ಇಸ್ಕೊಂಡು, "ಯಾರ್ಗೂ ಹೇಳಲ್ಲ ಅಣ್ಣಾ" ಅಂದಳು. ಅವನು ತಲೆ ಹಾಕ್ಕೊಂಡು, ಅವಳೊಬ್ಬಳಿಗೇ ಅಂತ, ಅಲ್ಲೇ ಮಣ್ಣಿನ ಮೇಲೆ ಒಂದು ಸುತ್ತು ತಿರುಗಿದ. ಈ ಸಲ ಬೀಳಲಿಲ್ಲ.

ಕಾರು ಚನ್ನಪಟ್ಟಣದ ಕಡೆ ತಿರುಗಿದ ಮೇಲೆ ಪ್ರಶ್ನೆ ಬಂತು. "ಅಮ್ಮಾ, ಮಾವ ತೋರಿಸಿದ್ ದೊಡ್ಡ ಶೋನಲ್ಲೂ ಎಲ್ಸಾ ಒಳಗೆ ಯಾರೋ ಇರ್ತಾರಾ?"

ಒಂದು ಕ್ಷಣ ತಡವರಿಸಿದೆ. ಆಮೇಲೆ "ಹೂಂ ಪುಟ್ಟಾ, ಇರ್ತಾರೆ" ಅಂದೆ.

ಆ ದೊಡ್ಡ ಶೋ ಒಳಗೆ ಯಾರಿದ್ದಾರೆ?

ಆ ರಾತ್ರಿ ಅವಳಿಗೆ ಹೇಳೋಕೆ ಅಂತ ಓದೋಕೆ ಕೂತೆ. ಓದ್ತಾ ಓದ್ತಾ ನನಗೇ ಕುತೂಹಲ ಹೆಚ್ಚಾಯ್ತು.

ಐಸ್ ಶೋಗಳ ದೊಡ್ಡ ತಾರೆ ನಾರ್ವೆಯ ಸೋನಿಯಾ ಹೆನಿ. 1928, 1932 ಮತ್ತು 1936, ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವಳು. ಮೊದಲ ಚಿನ್ನ ಗೆದ್ದಾಗ ಅವಳಿಗೆ 15 ವರ್ಷ. ಆಮೇಲೆ ಸ್ಪರ್ಧೆ ಬಿಟ್ಟು ಹಾಲಿವುಡ್ ಸಿನಿಮಾಗಳಲ್ಲಿ ನಟಿಸಿದಳು, ಊರೂರು ತಿರುಗಿ ಐಸ್ ಮೇಲೆ ಪ್ರದರ್ಶನ ಕೊಟ್ಟಳು. ಅದೇ ಕಾಲಕ್ಕೆ ಅಮೆರಿಕದಲ್ಲಿ ಸಂಚಾರಿ ಐಸ್ ಕಂಪನಿಗಳು ಒಂದರ ಹಿಂದೆ ಒಂದು ಹುಟ್ಟಿಕೊಂಡವು. 1936ರಲ್ಲಿ ಐಸ್ ಫಾಲೀಸ್, 1940ರಲ್ಲಿ ಐಸ್ ಕೆಪೇಡ್ಸ್, 1943ರಲ್ಲಿ ಹಾಲಿಡೇ ಆನ್ ಐಸ್. ಇದರಲ್ಲಿ ಹಾಲಿಡೇ ಆನ್ ಐಸ್‌ನ ವಿಶೇಷ ಅಂದ್ರೆ, ಅವರು ಐಸ್ ನೆಲವನ್ನೇ ಜೊತೆಗೆ ಒಯ್ಯುತ್ತಿದ್ದರು. ಪೈಪು, ಯಂತ್ರ ಎಲ್ಲವನ್ನೂ ಬಿಚ್ಚಿ, ಸಾಗಿಸಿ, ಮುಂದಿನ ಊರಲ್ಲಿ ಮತ್ತೆ ಜೋಡಿಸೋದು. ಐಸ್ ರಿಂಕ್ ಇಲ್ಲದ ಊರಿಗೂ ಶೋ ಹೋಗೋಕೆ ಸಾಧ್ಯವಾಗಿದ್ದು ಹಾಗೆ.

ಡಿಸ್ನಿ ಪಾತ್ರಗಳ ಈಗಿನ ಶೋ ಶುರುವಾಗಿದ್ದು 1981ರಲ್ಲಿ. ಅದನ್ನು ನಡೆಸೋದು ಫೆಲ್ಡ್ ಎಂಟರ್‌ಟೈನ್‌ಮೆಂಟ್ ಅನ್ನೋ ಕುಟುಂಬದ ಕಂಪನಿ. ಮಜಾ ಏನು ಗೊತ್ತಾ? ಅವರು ಮೂಲತಃ ಸರ್ಕಸ್‌ನವರು. 1967ರಲ್ಲಿ ಅಮೆರಿಕದ ಪ್ರಸಿದ್ಧ ರಿಂಗ್ಲಿಂಗ್ ಸರ್ಕಸ್ ಕೊಂಡವರು, 1979ರಲ್ಲಿ ಐಸ್ ಫಾಲೀಸ್ ಮತ್ತು ಹಾಲಿಡೇ ಆನ್ ಐಸ್ ಕೊಂಡರು. ಎರಡೇ ವರ್ಷಕ್ಕೆ ಮಿಕ್ಕಿ ಮೌಸ್‌ನನ್ನು ಐಸ್ ಮೇಲೆ ಇಳಿಸಿದರು. 2017ರಲ್ಲಿ ಆ ಸರ್ಕಸ್ ನಿಂತೇ ಹೋಯ್ತು, 2023ರಲ್ಲಿ ಪ್ರಾಣಿಗಳಿಲ್ಲದೆ ಮತ್ತೆ ಶುರುವಾಯ್ತು. ಐಸ್ ಶೋ ಇನ್ನೂ ಸುತ್ತುತ್ತಾ ಇದೆ. ಒಂದೇ ಸಮಯಕ್ಕೆ ಬೇರೆ ಬೇರೆ ತಂಡಗಳು ಬೇರೆ ಬೇರೆ ದೇಶಗಳಲ್ಲಿರುತ್ತವೆ. 2013ರಲ್ಲಿ 'ಫ್ರೋಜನ್' ಸಿನಿಮಾ ಬಂತು, ಮರುವರ್ಷವೇ ಎಲ್ಸಾ ಐಸ್ ಮೇಲಿದ್ದಳು.

ಒಳಗಿರೋರು ಯಾರು? ಹೆಚ್ಚಿನವರು ಬಾಲ್ಯದಿಂದ ಫಿಗರ್ ಸ್ಕೇಟಿಂಗ್ ಕಲಿತು ಸ್ಪರ್ಧೆಗಳಲ್ಲಿ ಭಾಗವಹಿಸಿದವರು. ಎಲ್ಲರಿಗೂ ಒಲಿಂಪಿಕ್ಸ್ ಸಿಗೋದಿಲ್ಲವಲ್ಲ. ಹಾಗಂತ ಕಲಿತಿದ್ದನ್ನು ಬಿಡೋಕೂ ಮನಸ್ಸಿಲ್ಲ. ಅಂಥವರಿಗೆ ಇದು ಉದ್ಯೋಗ. ತಿಂಗಳುಗಟ್ಟಲೆ ಮನೆ ಬಿಟ್ಟು, ಹೋಟೆಲಿನಿಂದ ಹೋಟೆಲಿಗೆ. ಮಾತು ಮತ್ತು ಹಾಡು ಮೊದಲೇ ರೆಕಾರ್ಡ್ ಆಗಿರುತ್ತೆ, ಇವರು ಅದಕ್ಕೆ ಸರಿಯಾಗಿ ಅಭಿನಯಿಸುತ್ತಾ ಜಾರಬೇಕು, ಜಿಗಿಯಬೇಕು. ಮಿಕ್ಕಿಯ ದೊಡ್ಡ ತಲೆ ಹೊತ್ತು ಜಾರೋನಿಗೆ ಮುಂದಿರೋದು ಸರಿಯಾಗಿ ಕಾಣೋದೂ ಕಷ್ಟ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ. "ಅವರಿಗೆ ನೀರು ಕೊಡ್ತಾರಾ?"

ನಮ್ಮ ಮೈದಾನದಲ್ಲಿ ಐಸ್ ಹಾಸಿದ್ರೆ?

ಮುಂದಿನ ಪ್ರಶ್ನೆ ಬರಲೇಬೇಕಿತ್ತು. "ಮರಳುಗಾಡಲ್ಲಿರೋ ಮಾವನ ಊರಿಗೆ ಬರತ್ತೆ, ನಮ್ಮೂರಿಗೆ ಯಾಕೆ ಬರಲ್ಲ?"

ಸೋಮವಾರ ರೈಲಿನಲ್ಲಿ ಕಿಟಕಿ ಸೀಟು ಸಿಕ್ತು. ಫೋನ್‌ನಲ್ಲಿ ಕ್ಯಾಲ್ಕ್ಯುಲೇಟರ್ ತೆಗೆದೆ.

ಮೊದಲು ಐಸ್ ನೆಲ ಹೇಗೆ ಮಾಡ್ತಾರೆ ಅಂತ ಹೇಳಿಬಿಡ್ತೀನಿ. ನೆಲದ ಮೇಲೆ ಒತ್ತೊತ್ತಾಗಿ ಪೈಪುಗಳನ್ನು ಹಾಸ್ತಾರೆ. ಅದರೊಳಗೆ ಸೊನ್ನೆಗಿಂತ ಕೆಳಗಿದ್ದರೂ ಹೆಪ್ಪುಗಟ್ಟದ ಗ್ಲೈಕಾಲ್ ಮಿಶ್ರಣ ಹರಿಯುತ್ತಾ ಇರುತ್ತೆ. ಮೇಲೆ ನೀರನ್ನು ಒಂದೇ ಸಲ ಸುರಿಯಲ್ಲ, ಹಿಮದಂತೆ ತೆಳ್ಳಗೆ ಸಿಂಪಡಿಸ್ತಾರೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಐಸ್ ನಿಜಕ್ಕೂ ಬೆಳ್ಳಗಿರೋದಿಲ್ಲ, ಕೆಳಗಿನ ನೆಲ ಕಾಣುತ್ತೆ. ಅದಕ್ಕೇ ನಡುವೆ ಬಿಳಿ ಬಣ್ಣದ ಪದರ ಹಾಕ್ತಾರೆ. ಕೊನೆಗೆ ಒಂದೆರಡು ಇಂಚು ದಪ್ಪದ ಐಸ್.

ಈಗ ನಮ್ಮೂರಿನ ಮೈದಾನದಲ್ಲಿ 30 ಮೀಟರ್ ಉದ್ದ, 20 ಮೀಟರ್ ಅಗಲದ ಐಸ್ ಬೇಕು ಅಂತಿಟ್ಕೊಳ್ಳಿ. ಒಲಿಂಪಿಕ್ಸ್ ಅಳತೆಯ ರಿಂಕ್ 60 ಮೀಟರ್‌ಗೆ 30 ಮೀಟರ್ ಇರುತ್ತೆ, ಅದರ ಮೂರನೇ ಒಂದು ಭಾಗ ಇದು. 4 ಸೆಂಟಿಮೀಟರ್ ದಪ್ಪಕ್ಕೆ 24,000 ಲೀಟರ್ ನೀರು. ಅಂದ್ರೆ 6,000 ಲೀಟರಿನ ನಾಲ್ಕು ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.

ಇನ್ನು ಕರೆಂಟು. 25 ಡಿಗ್ರಿಯ ನೀರನ್ನು ಸೊನ್ನೆಗೆ ಇಳಿಸೋದು ಸುಲಭದ ಕೆಲಸ. ಸೊನ್ನೆ ಡಿಗ್ರಿಯ ನೀರನ್ನು ಸೊನ್ನೆ ಡಿಗ್ರಿಯ ಐಸ್ ಮಾಡೋಕೆ ಅದರ ಮೂರು ಪಟ್ಟು ಶಾಖ ತೆಗೀಬೇಕು. ಅಲ್ಲಿಂದ ಇನ್ನೂ ಐದು ಡಿಗ್ರಿ ಕೆಳಗೆ ಹೋಗ್ಬೇಕು. ಎಲ್ಲ ಕೂಡಿಸಿದರೆ ಆ ನೀರಿನಿಂದ ಸುಮಾರು 3,000 ಯೂನಿಟ್‌ನಷ್ಟು ಶಾಖ ಹೊರಗೆ ಹಾಕಬೇಕು. ಒಳ್ಳೆ ಯಂತ್ರ ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಯೂನಿಟ್ ಶಾಖ ತೆಗೆಯುತ್ತೆ ಅಂದ್ರೂ 1,200 ಯೂನಿಟ್. ನಮ್ಮ ಮನೆಗೆ ತಿಂಗಳಿಗೆ ನೂರು ಯೂನಿಟ್ ಆಗತ್ತೆ. ಅಂದ್ರೆ ನಮ್ಮನೆಯ ಒಂದು ವರ್ಷದ ಕರೆಂಟು, ಬರೀ ಐಸ್ ಕಟ್ಟೋಕೆ. ಆಮೇಲೆ ಅದು ಕರಗದ ಹಾಗೆ ನೋಡ್ಕೊಳ್ಳೋದು ಬೇರೆ. ತೆರೆದ ಬಯಲಿನಲ್ಲಿ, ಬಿಸಿಗಾಳಿಯಲ್ಲಿ ಯಂತ್ರ ಒಂದು ನಿಮಿಷವೂ ನಿಲ್ಲುವಂತಿಲ್ಲ.

ಹಾಗಾಗಿ ಇದು ಹವಾಮಾನದ ಪ್ರಶ್ನೆ ಅಲ್ಲವೇ ಅಲ್ಲ. ಮರಳುಗಾಡಲ್ಲೂ ಐಸ್ ಹಾಸಬಹುದು. ಬೇಕಾಗಿರೋದು ಮುಚ್ಚಿದ, ಹವಾನಿಯಂತ್ರಿತ ದೊಡ್ಡ ಅರೇನಾ, ತಡೆಯಿಲ್ಲದ ಕರೆಂಟು, ಮತ್ತು ಅಷ್ಟು ದುಡ್ಡು ಕೊಟ್ಟು ದಿನಕ್ಕೆರಡು ಸಲ ಸೀಟು ತುಂಬಿಸೋ ಜನ. ಇನ್ನೂರೈವತ್ತು ರೂಪಾಯಿ ಟಿಕೆಟಿಗೆ, ಶಾಮಿಯಾನದ ಕೆಳಗೆ, ಇದು ಆಗೋ ಮಾತಲ್ಲ. ನಮ್ಮ ಜಿಲ್ಲೆಯ ಹೆಸರು ಈಗ ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಆಗಿರಬಹುದು. ಹೆಸರಿನ ಜೊತೆ ಅರೇನಾ ಬರಲಿಲ್ಲ.

ತಮಾಷೆ ಅಂದ್ರೆ, ತಂಪು ಕಾಯೋ ವಿದ್ಯೆ ನಮ್ಮ ಕಡೆಯವರಿಗೆ ಹೊಸದಲ್ಲ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರೋದು ರಾಮನಗರದಲ್ಲಿ. ಮಾಗಡಿ ತಾಲ್ಲೂಕಿನ ಹಳ್ಳಿಯಲ್ಲಿರೋ ನಮ್ಮತ್ತೆ ನಲವತ್ತು ವರ್ಷ ಹುಳು ಸಾಕಿದವರು. ಹುಳುವಿನ ಮನೆ 25 ಡಿಗ್ರಿ ಆಸುಪಾಸಿನಲ್ಲಿರಬೇಕು. ಬೇಸಿಗೆಯಲ್ಲಿ ಅವರು ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಾ ರಾತ್ರಿಯೆಲ್ಲ ಎದ್ದಿರ್ತಿದ್ದರು. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತಿದ್ದನ್ನು ಅವರು ಗೋಣಿಚೀಲದಲ್ಲಿ ಮಾಡ್ತಿದ್ದರು.

ಪರದೆಯ ಹಿಂದೆ ಇಣುಕಿದವರು

ಮುಂದಿನ ವಾರ ಮಾಗಡಿಗೆ ಹೋದಾಗ ಮಗಳು ಅಜ್ಜಿಗೆ ಎಲ್ಸಾ ಕಥೆ ಹೇಳಿದಳು. ಗುಟ್ಟು ಅಂತ ಹೇಳಿಯೇ ಹೇಳಿದಳು. ಅತ್ತೆ ನಕ್ಕುಬಿಟ್ಟರು.

"ನಾವೂ ಇಂಗೇಯ ಕಣವ್ವ. ನಮ್ಮೂರ್ಗೆ ತೊಗಲುಗೊಂಬೆ ಆಟದೋರು ಬರೋರು. ರಾತ್ರಿಯೆಲ್ಲ ಆಟ. ರಾಮ, ಸೀತೆ, ರಾವಣ, ಎಲ್ಲಾ ಪರದೆ ಮೇಲೆ ಕುಣಿಯೋರು. ನಾನೂ ನಮ್ಮಣ್ಣನೂ ಮೆತ್ತಗೆ ಹಿಂದುಕ್ ಹೋಗಿ ಇಣುಕಿದ್ವಿ. ಅಲ್ ನೋಡುದ್ರೆ ದೀಪದ್ ಪಕ್ಕ ಒಬ್ಬ ಮುದುಕಪ್ಪ, ಒಬ್ಳು ಹೆಂಗಸು ಕುಂತವ್ರೆ. ಸೀತೆ ಮಾತೂ ಆ ಹೆಂಗಸ್ದೇಯ, ಮಂಡೋದರಿ ಮಾತೂ ಅವಳ್ದೇಯ!"

"ಬೇಜಾರಾಯ್ತಾ ಅಜ್ಜಿ?"

"ಯಾಕ್ ಬೇಜಾರು? ಮುಂದುಕ್ ಬಂದು ಮತ್ತೆ ಕುಂತ್ಕೊಂಡ್ವಿ. ಇನ್ನೂ ಚೆಂದಾಗ್ ಕಾಣ್ತು."

ಈ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಮುಖವಾಡದ ಒಳಗೆ ಯಾರಿದ್ದಾರೆ ಅಂತ ಗೊತ್ತಾದರೆ ಮಕ್ಕಳ ಖುಷಿ ಹಾಳಾಗುತ್ತೆ ಅಂತ ನಾವು ದೊಡ್ಡವರು ಭಯಪಡ್ತೀವಿ. ಅದಕ್ಕೇ ನೊರೆಯನ್ನು ಹಿಮ ಅಂತೀವಿ, ಪ್ಲಾಸ್ಟಿಕನ್ನು ಐಸ್ ಅಂತೀವಿ. ಆದರೆ ನನ್ನ ಮಗಳಿಗೆ ಬೇಜಾರಾಗಿದ್ದು ಒಳಗೆ ಅಣ್ಣ ಇದ್ದಾನೆ ಅಂತಲ್ಲ. ಆ ಅಣ್ಣನಿಗೆ ಯಾರೂ ನೀರು ಕೊಟ್ಟಿರಲಿಲ್ಲ ಅಂತ.

ತಿರುಗಾಟದ ಆಟಗಳು ನಮ್ಮಲ್ಲಿ ಮೊದಲಿಂದಲೂ ಇದ್ದವು. ತೊಗಲುಗೊಂಬೆಯ ಶಿಳ್ಳೇಕ್ಯಾತರು ಊರಿಂದೂರಿಗೆ ಗೊಂಬೆಪೆಟ್ಟಿಗೆ ಹೊತ್ತು ಬರ್ತಿದ್ದರು. ನಗಿಸೋಕೆ ಅಂತಲೇ ಅವರ ಆಟದಲ್ಲಿ ಕಿಳ್ಳೇಕ್ಯಾತ ಇರ್ತಿದ್ದ, ಆ ಕಾಲದ ಮಕ್ಕಳಿಗೆ ಅವನೇ ಕಾರ್ಟೂನು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಡಾ. ರಾಜ್‌ಕುಮಾರ್ ಬೆಳೆದಿದ್ದೂ ಅದೇ ಕಂಪನಿಯ ನೆರಳಲ್ಲಿ. ಆಮೇಲೆ ಟೂರಿಂಗ್ ಟಾಕೀಸ್ ಬಂತು, ಸರ್ಕಸ್ ಬಂತು. ಜಾತ್ರೆಗೆ ಜನ ಸೇರೋ ಕಡೆ ಇವೆಲ್ಲ ಬಂದು ಡೇರೆ ಹಾಕ್ತಿದ್ದವು. ಕೆಲವು ನಿಂತುಹೋದವು, ಕೆಲವು ಉಳಿದಿವೆ. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ ಪದ್ಮಶ್ರೀ ಬಂದಾಗ ಎಷ್ಟೋ ಜನರಿಗೆ ಈ ಕಲೆ ಇನ್ನೂ ಇದೆ ಅಂತ ಗೊತ್ತಾಯ್ತು. ಆ ಗೊಂಬೆಗಳನ್ನು ಹತ್ತಿರದಿಂದ ನೋಡ್ಬೇಕು ಅಂದ್ರೆ ದೂರ ಹೋಗಬೇಕಿಲ್ಲ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿವೆ. ನಾನು ವಾರಕ್ಕೆ ಹತ್ತು ಸಲ ಅದೇ ದಾರಿಯಲ್ಲಿ ಹಾದುಹೋಗ್ತೀನಿ. ಮಗಳನ್ನು ಕರ್ಕೊಂಡು ಒಳಗೆ ಹೋಗಿದ್ದು ಈ ಮೇ ತಿಂಗಳಲ್ಲಿ, ಮೊದಲ ಸಲ.

ಇದನ್ನು ಹೇಳಿದ್ದು 'ನಮ್ಮದೇ ದೊಡ್ಡದು, ಡಿಸ್ನಿ ಯಾಕೆ ಬೇಕು' ಅನ್ನೋಕಲ್ಲ. ಮಗಳಿಗೆ ಎಲ್ಸಾ ಇಷ್ಟ, ಇರಲಿ. ಸಾಧ್ಯವಾದಾಗ ನಿಜವಾದ ಐಸ್ ಶೋ ನೋಡೋ ಆಸೆ ನನಗೂ ಇದೆ.

ಟಿಕೆಟ್ ತಗೊಳ್ಳೋ ಮುಂಚೆ

ನನ್ನ ಹಾಗೆ ಸಾವಿರ ರೂಪಾಯಿ ಕಳ್ಕೊಳ್ಳಬೇಡಿ ಅಂತ ಒಂದಿಷ್ಟು ಮಾತು.

ಪೋಸ್ಟರ್‌ನಲ್ಲಿ ನಡೆಸೋರ ಹೆಸರು, ವಿಳಾಸ ಇದೆಯಾ ನೋಡಿ. ಪ್ರಸಿದ್ಧ ಕಾರ್ಟೂನ್ ಪಾತ್ರಗಳನ್ನು ಬಳಸೋಕೆ ಅದರ ಹಕ್ಕುದಾರರ ಅನುಮತಿ ಬೇಕು. ನಿಜವಾದ ಶೋ ಆದ್ರೆ ಅವರ ಅಧಿಕೃತ ವೆಬ್‌ಸೈಟಿನ ಪ್ರವಾಸ ಪಟ್ಟಿಯಲ್ಲಿ ಊರು, ದಿನಾಂಕ ಇದ್ದೇ ಇರುತ್ತೆ.

'ನಿಜವಾದ ಐಸಾ, ಪ್ಲಾಸ್ಟಿಕ್ ಹಾಳೆಯಾ?' ಅಂತ ಟಿಕೆಟ್ ಕೊಳ್ಳೋ ಮುಂಚೆಯೇ ಕೇಳಿ. ಸಂಶ್ಲೇಷಿತ ಹಾಳೆಯ ಮೇಲೂ ಒಳ್ಳೆ ಸ್ಕೇಟಿಂಗ್ ಮಾಡಬಹುದು, ತಪ್ಪಿಲ್ಲ. ಆದರೆ ಅದನ್ನು ಹೇಳಿ ಟಿಕೆಟ್ ಮಾರಬೇಕು.

ಪೋಸ್ಟರ್‌ನ ಸ್ಕ್ರೀನ್‌ಶಾಟ್, ಟಿಕೆಟ್, ಹಣ ಕಳಿಸಿದ ರಸೀದಿ ಇಟ್ಕೊಳ್ಳಿ. ಹೇಳಿದ್ದೇ ಒಂದು, ಕೊಟ್ಟಿದ್ದೇ ಒಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸೋ ಜಾಹೀರಾತಿನ ವಿರುದ್ಧ ದೂರು ಕೊಡೋಕೆ ಅವಕಾಶ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ.

ನಾನು ಇದ್ಯಾವುದನ್ನೂ ಮಾಡಲಿಲ್ಲ. ಸಾವಿರ ರೂಪಾಯಿಗೆ ಯಾರು ಓಡಾಡ್ತಾರೆ ಅಂತ ಸುಮ್ಮನಾದೆ. ಮುಂದಿನ ವಾರ ಅದೇ ಪೋಸ್ಟರ್ ಇನ್ನೊಂದು ತಾಲ್ಲೂಕಿನ ಹೆಸರು ಹಾಕ್ಕೊಂಡು ಬಂತು. ನಾನು ಸುಮ್ಮನಾಗಿದ್ದಕ್ಕೇ ಅವರ ಗಾಡಿ ಮುಂದಿನ ಊರಿಗೆ ಹೋಯ್ತು ಅನ್ನಿಸಿ ನಾಚಿಕೆಯಾಯ್ತು.

ಇನ್ನೊಂದು ಮಾತು. ಮಾಲ್‌ನಲ್ಲಾಗಲಿ, ಬರ್ತ್‌ಡೇ ಪಾರ್ಟಿಯಲ್ಲಾಗಲಿ, ದೊಡ್ಡ ತಲೆಯ ಮಿಕ್ಕಿ ನಿಮ್ಮ ಮಗುವಿನ ಜೊತೆ ಸೆಲ್ಫಿಗೆ ನಿಂತರೆ, ಆಮೇಲೆ ಒಂದು ಲೋಟ ನೀರು ಕೊಡಿ. ಪಾರ್ಟಿ ನಿಮ್ಮದೇ ಆದರೆ ಅವರು ತಲೆ ಬಿಚ್ಚಿ ಕೂರೋಕೆ ಫ್ಯಾನ್ ಇರೋ ಒಂದು ಜಾಗ ಕೊಡಿ.

ತಟ್ಟೆ ಮೇಲಿನ ಶೋ

ನಮ್ಮಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಮಾಡ್ತಿದ್ದವರು. ಲೇತ್ ಮೇಲೆ ಹಾಲೆಮರದ ತುಂಡು ತಿರುಗಿಸಿ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ತಿರುಗೋ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯಂಥಾ ಹೊಳಪು. ಈಗ ಕಣ್ಣು ಮಂಜಾಗಿದೆ, ಕೆಲಸ ಬಿಟ್ಟಿದ್ದಾರೆ. ರಾಮನಗರದಿಂದ ಬಂದ ದಿನದಿಂದ ಅವರು ಏನೂ ಮಾತಾಡಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಎದ್ದು ನೋಡ್ತೀನಿ, ಫ್ರೀಜರ್‌ನಲ್ಲಿ ದೊಡ್ಡ ಸ್ಟೀಲ್ ತಟ್ಟೆ. ರಾತ್ರಿಯೇ ಅಪ್ಪ ನೀರು ತುಂಬಿ ಇಟ್ಟಿದ್ದರು. ಹಳೆ ಪೆಟ್ಟಿಗೆಯಿಂದ ನಾಲ್ಕು ಬುಗುರಿ, ಎರಡು ಗೊಂಬೆ ತೆಗೆದಿದ್ದರು. ಒಂದು ಗೊಂಬೆಗೆ ನೀಲಿ ಬಟ್ಟೆ ಸುತ್ತಿ, ಹಳದಿ ಉಲ್ಲನ್ ದಾರದಲ್ಲಿ ಜಡೆ ಹಾಕಿದ್ದರು. ಜಡೆ ಸೊಟ್ಟಗಿತ್ತು.

ತಟ್ಟೆ ಹೊರಗೆ ಬಂತು. ಅಪ್ಪ ಐಸ್ ಮೇಲೆ ಬುಗುರಿ ಬಿಟ್ಟರು. ನೆಲದ ಮೇಲೆ ಬಿಟ್ಟ ಹಾಗಲ್ಲ ಅದು. ತಿರುಗುತ್ತಾ ತಿರುಗುತ್ತಾ ಜಾರಿಕೊಂಡು ಹೋಗಿ, ತಟ್ಟೆಯ ಅಂಚಿಗೆ ತಾಗಿ, ಮತ್ತೆ ನಡುವಿಗೆ ಬಂತು. ಎಲ್ಸಾ ಗೊಂಬೆಯನ್ನು ಬೆರಳಲ್ಲಿ ಮೆಲ್ಲಗೆ ತಳ್ಳಿದರೆ ಸರ್ರಂತ ಈ ತುದಿಯಿಂದ ಆ ತುದಿಗೆ.

ಮಗಳು ಸ್ವೆಟರ್ ಹಾಕ್ಕೊಂಡು ಬಂದಳು. ಅಬುಧಾಬಿಗೆ ವಿಡಿಯೊ ಕಾಲ್ ಮಾಡಿಸಿದಳು. ಮಾವ, ಅತ್ತೆ, ಅವರ ಮಕ್ಕಳು ಎಲ್ಲ ಪರದೆ ಮುಂದೆ ಕೂತರು. ಅವಳೇ ಅನೌನ್ಸರ್. "ಇದು ಚನ್ನಪಟ್ಟಣ ಐಸ್ ಶೋ. ಎಲ್ಸಾನ ಮಾಡಿದ್ದು ತಾತ. ಎಲ್ಸಾನ ತಳ್ಳೋದು ನಾನು."

"ಅದು ನಿಜವಾದ ಐಸಾ?" ಅಂತ ತಮ್ಮ ಕಾಲೆಳೆದ.

"ಹೂಂ ಮಾವ, ನಮ್ದು ನಿಜವಾದ್ದೇ" ಅಂದಳು. "ಬೇಗ ನೋಡು, ಕರಗ್ತಾ ಇದೆ."